ನಿಧಾನಗತಿಯ ಡೀಸೆಲ್ ಎಂಜಿನ್: ಮಳೆಗಾಲದ ರಕ್ಷಣೆ ಮತ್ತು ಚಾಲನೆ

ಕುಂದಾಪುರ ತಾಲ್ಲೂಕಿನ ಶಂಕರನಾರಾಯಣ, ಸಿದ್ದಾಪುರ, ಹಾಲಾಡಿ, ಅಮಾಸೆಬೈಲು ಭಾಗದ ಅಡಿಕೆ ಬೆಳೆಗಾರರಿಗೆ ನೀರಿನ ಕಷ್ಟವೆಂದರೆ ನೀರು ಇಲ್ಲದ ಕಷ್ಟವಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ನವೆಂಬರ್‌ನಿಂದ ಮೇ ಕೊನೆಯವರೆಗೆ ಬಾವಿಯ ನೀರನ್ನೋ ಹೊಳೆಯ ನೀರನ್ನೋ ಎತ್ತಿ ತೋಟಕ್ಕೆ ಕೊಡಬೇಕು. ಶಂಕರನಾರಾಯಣದಿಂದ ಘಟ್ಟದ ಕಡೆಗೆ ಹೋದರೆ ಹೊಸಂಗಡಿಯಲ್ಲಿ ವಾರಾಹಿ ಭೂಗರ್ಭ ವಿದ್ಯುದಾಗಾರವಿದೆ. ತಲಾ 115 ಮೆಗಾವಾಟಿನ ನಾಲ್ಕು ಯಂತ್ರಗಳು, ಒಟ್ಟು 460 ಮೆಗಾವಾಟ್. ಆದರೂ ಅದರ ನೆರಳಿನಲ್ಲೇ ಇರುವ ತೋಟಗಳಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಪಂಪು ಮೌನವಾಗುತ್ತದೆ. ಆದ್ದರಿಂದ ಹಿರಿಯರು ಕೊಂಡಿಟ್ಟ ಹಳೆಯ ಡೀಸೆಲ್ ಎಂಜಿನ್ ಇಂದಿಗೂ ಅನೇಕರ ಪಂಪ್ ಶೆಡ್ಡಿನಲ್ಲಿ ಉಳಿದುಕೊಂಡಿದೆ.

ಉಳಿದುಕೊಂಡಿದೆ ಎಂಬುದೇನೋ ನಿಜ, ಆದರೆ ಬೇಕಾದ ದಿನ ಅದು ಚಾಲೂ ಆಗುವುದಿಲ್ಲ. ಫೆಬ್ರವರಿಯಲ್ಲಿ ಕರೆಂಟು ಹೋದ ಮೇಲೆ ನಾಲ್ಕು ಜನ ಸೇರಿ ಹ್ಯಾಂಡಲ್ ತಿರುಗಿಸಿ ಸೋತು, ಕೊನೆಗೆ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗುವುದು ಎಲ್ಲ ಊರಿನಲ್ಲೂ ಕಾಣುವ ದೃಶ್ಯ. "ಹಳೆ ಎಂಜಿನ್, ದುಡಿದು ದುಡಿದು ಸವೆದಿದೆ" ಎಂದು ಹೇಳುವುದುಂಟು. ಬಿಚ್ಚಿ ನೋಡಿದರೆ ಸವೆದದ್ದಕ್ಕಿಂತ ತುಕ್ಕು ಹಿಡಿದದ್ದೇ ಹೆಚ್ಚು. ಕರಾವಳಿಯಲ್ಲಿ ಈ ಎಂಜಿನ್ನುಗಳು ಕೆಡುವುದು ದುಡಿಯುವ ಏಳು ತಿಂಗಳಲ್ಲಿ ಅಲ್ಲ, ಮಳೆಗಾಲದಲ್ಲಿ ಸುಮ್ಮನೆ ನಿಂತಿರುವ ಐದು ತಿಂಗಳಲ್ಲಿ. ಈ ಲೇಖನದಲ್ಲಿ ಹೇಳುವ ಹೆಚ್ಚಿನ ಕೆಲಸಗಳು ಅದಕ್ಕೇ ಸಂಬಂಧಿಸಿವೆ.

ಎಷ್ಟು ನೀರು, ಎಷ್ಟು ಗಂಟೆ?

ಎಂಜಿನ್ ಎಷ್ಟು ದುಡಿಯಬೇಕು ಎಂಬುದನ್ನು ಬೆಳೆಯ ಲೆಕ್ಕದಿಂದಲೇ ತಿಳಿಯಬೇಕು. ಪಶ್ಚಿಮ ಕರಾವಳಿಯ ಅಡಿಕೆಗೆ ನವೆಂಬರ್–ಡಿಸೆಂಬರ್‌ನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಪ್ರತಿ ಸಲ ಮರವೊಂದಕ್ಕೆ 175 ಲೀಟರಿನಂತೆ ನೀರು ಕೊಡಲು ಶಿಫಾರಸು ಇದೆ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳು. ಒಂದು ಸಲಕ್ಕೆ 96,000 ಲೀಟರಿಗೂ ಮೇಲೆ ನೀರಾಯಿತು. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪು ಇದ್ದರೆ ಎರಡು ಗಂಟೆ ನಲವತ್ತು ಮಿನಿಟಿನ ಕೆಲಸ. ಋತುವಿನಲ್ಲಿ ಸುಮಾರು ನಲವತ್ತು ಸರದಿ ಬರುತ್ತದೆ. ಅಂದರೆ ಕರೆಂಟನ್ನು ಸ್ವಲ್ಪವೂ ನಂಬದೆ ಎಂಜಿನ್ನಿನಿಂದಲೇ ನೀರು ಹಾಯಿಸಿದರೂ ಎಕರೆಗೆ ವರ್ಷದಲ್ಲಿ 110 ಗಂಟೆಯ ದುಡಿಮೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕಾಗುವುದರಿಂದ ಬೇಸಿಗೆಯಲ್ಲಿ ಎತ್ತಬೇಕಾದ ನೀರು ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಈ 110 ಗಂಟೆ ಎಂಜಿನ್ನಿಗೆ ಏನೂ ಅಲ್ಲ. ತೋಟಕ್ಕೆ ಮಾತ್ರ ಅದು ಪ್ರಾಣ. ಮಾರ್ಚ್–ಏಪ್ರಿಲ್‌ನಲ್ಲಿ ಎರಡು ಸರದಿ ತಪ್ಪಿದರೆ ಸಿಂಗಾರ ಒಣಗಿ ಹರಳು ಉದುರುತ್ತದೆ. ಚೆನ್ನಾಗಿ ಬಾಡಿದ ತೋಟ ಮತ್ತೆ ಹಿಂದಿನ ಫಸಲಿಗೆ ಬರಲು ಎರಡು ಮೂರು ವರ್ಷ ಬೇಕು.

ನಿಧಾನಗತಿಯ ಎಂಜಿನ್ ಎಂದರೆ ಯಾವುದು?

ನಮ್ಮ ಕಡೆ ಇರುವ ಹಳೆಯ ಎಂಜಿನ್ನುಗಳಲ್ಲಿ ಎರಡು ಜಾತಿ. ಮೊದಲನೆಯದು ಎರಡು ದೊಡ್ಡ ಫ್ಲೈವೀಲ್ ಇರುವ, ಮಿನಿಟಿಗೆ 600–650 ಸುತ್ತು ತಿರುಗುವ ಲಿಸ್ಟರ್ ಮಾದರಿ. ಇಂಗ್ಲೆಂಡಿನ ಡರ್ಸ್ಲಿಯಲ್ಲಿ 1930ರ ಆಸುಪಾಸಿನಿಂದ 1980ರ ದಶಕದವರೆಗೂ ತಯಾರಾದ ಎಂಜಿನ್ ಇದು. ಇದರ ನಮೂನೆಯನ್ನೇ ಹಿಡಿದು ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಅಸಂಖ್ಯ ಎಂಜಿನ್ನುಗಳನ್ನು ಮಾಡಿ ದೇಶವಿದೇಶಕ್ಕೆ ಕಳುಹಿಸಿದವು. ಇನ್ನೊಂದು ಮಿನಿಟಿಗೆ 1,500 ಸುತ್ತಿನ, 5 ಅಶ್ವಶಕ್ತಿಯ ಕಿರ್ಲೋಸ್ಕರ್ ಎ.ವಿ.1 ಮತ್ತು ಅದರ ಸೋದರ ಮಾದರಿಗಳು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಪುಣೆಯ ಆಯಿಲ್ ಎಂಜಿನ್ ಕಾರ್ಖಾನೆ 1946ರಲ್ಲಿ ಸ್ಥಾಪನೆಯಾಯಿತು.

ಎರಡರ ವ್ಯತ್ಯಾಸವನ್ನು ಪಿಸ್ಟನ್ನಿನ ಓಟದಿಂದ ತಿಳಿಯಬಹುದು. 6 ಅಶ್ವಶಕ್ತಿಯ ಲಿಸ್ಟರ್ ಮಾದರಿಯಲ್ಲಿ ಪಿಸ್ಟನ್ ಒಂದು ಸೆಕೆಂಡಿಗೆ ಸುಮಾರು 3 ಮೀಟರ್ ಓಡಿದರೆ, ಎ.ವಿ.1ರಲ್ಲಿ ಐದೂವರೆ ಮೀಟರ್. ಓಟ ಕಡಿಮೆಯಾದಷ್ಟೂ ರಿಂಗು, ಲೈನರು, ಬೇರಿಂಗುಗಳ ಸವೆತ ಕಡಿಮೆ. ಮುನ್ನೂರು ಕಿಲೋವಿಗೂ ಮೀರಿದ ತೂಕ ಹೊತ್ತುಕೊಂಡು ಕೊಡುವ ಶಕ್ತಿ ಆರೇ ಕುದುರೆಯದು. ಒಯ್ಯಲು ಕಷ್ಟ, ಆದರೆ ಬಾಳಿಕೆ ಅಪಾರ. ಕೆಳಗೆ ಹೇಳುವುದು ಮುಖ್ಯವಾಗಿ ಈ ಭಾರಿ ಎಂಜಿನ್ನನ್ನು ಕುರಿತು. ಹೆಚ್ಚಿನ ಮಾತು ಎ.ವಿ.1ಕ್ಕೂ ಅನ್ವಯಿಸುತ್ತದೆ.

ಮೇ ಕೊನೆಯ ಕೆಲಸ

ಯಕ್ಷಗಾನ ಮೇಳಗಳ ತಿರುಗಾಟವೂ ಎಂಜಿನ್ನಿನ ದುಡಿಮೆಯೂ ಹೆಚ್ಚುಕಡಿಮೆ ಒಂದೇ ಅವಧಿಯವು. ಮೇಳದವರು ಗೆಜ್ಜೆ ಬಿಚ್ಚಿ ಪೆಟ್ಟಿಗೆ ಕಟ್ಟುವ ಹೊತ್ತಿಗೆ, ಮೃಗಶಿರ ಮಳೆ ಹಿಡಿಯುವ ಮೊದಲು, ಎಂಜಿನ್ನನ್ನೂ ಕಟ್ಟಿಡಬೇಕು. ಅರ್ಧ ದಿನದ ಕೆಲಸ ಇದು.

ಮೊದಲು ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿರಿ. ನಿಲ್ಲಿಸಿದ ಕೂಡಲೇ, ಎಣ್ಣೆ ತೆಳುವಾಗಿರುವಾಗಲೇ, ಕ್ರ್ಯಾಂಕ್ ಪೆಟ್ಟಿಗೆಯ ಕಪ್ಪು ಎಣ್ಣೆಯನ್ನು ಪೂರ್ತಿ ಇಳಿಸಬೇಕು. ಮುಂದಿನ ವರ್ಷ ಚಾಲೂ ಮಾಡುವಾಗ ಬದಲಾಯಿಸಿದರಾಯಿತು ಎಂದು ಹಳೆಯ ಎಣ್ಣೆಯನ್ನು ಬಿಡುವವರಿದ್ದಾರೆ. ಇದು ಸರಿಯಲ್ಲ. ಸುಟ್ಟ ಎಣ್ಣೆಯಲ್ಲಿ ಮಸಿ, ನೀರಿನ ಅಂಶ, ಆಮ್ಲ ಎಲ್ಲವೂ ಸೇರಿರುತ್ತವೆ. ಐದು ತಿಂಗಳು ಬೇರಿಂಗನ್ನು ಅದರಲ್ಲಿ ನೆನೆಸಿಟ್ಟಂತಾಗುತ್ತದೆ. ಹೊಸ ಎಣ್ಣೆ ತುಂಬಿ ಐದು ಮಿನಿಟು ಓಡಿಸಿದರೆ ಒಳಗಿನ ಭಾಗಗಳಿಗೆಲ್ಲ ಶುದ್ಧ ಎಣ್ಣೆಯ ಲೇಪವಾಗುತ್ತದೆ. ಎಣ್ಣೆ ಸೋಸುವ ಫಿಲ್ಟರ್ ಇಲ್ಲದ ಎಂಜಿನ್ನುಗಳಲ್ಲಿ ನೂರು ನೂರಿಪ್ಪತ್ತು ಗಂಟೆಗೊಮ್ಮೆ ಎಣ್ಣೆ ಬದಲಿಸುವುದು ಒಳ್ಳೆಯದು. ಒಂದೆಕರೆಯ ತೋಟಕ್ಕೆ ಮೇಲಿನ ಲೆಕ್ಕದಂತೆ ವರ್ಷಕ್ಕೆ ಒಂದೇ ಸಲವಾಯಿತು. ಅದನ್ನು ಮೇ ಕೊನೆಗೇ ಮಾಡಿದರೆ ಒಂದು ಖರ್ಚಿನಲ್ಲಿ ಎರಡು ಕೆಲಸ.

ಎರಡನೆಯದಾಗಿ ಸಿಲಿಂಡರಿನ ಸುತ್ತಲಿನ ನೀರನ್ನು ಇಳಿಸಿರಿ. ಮೂರನೆಯದು ಡೀಸೆಲ್ ಟ್ಯಾಂಕು. ಅರ್ಧ ತುಂಬಿದ ಟ್ಯಾಂಕು ಮಳೆಗಾಲದಲ್ಲಿ ಕೆಟ್ಟದ್ದು. ಒಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ತಗಡಿನ ಮೇಲೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಂದು ಲೋಳೆಯಾಗುತ್ತದೆ. ಫಿಲ್ಟರ್ ಕಟ್ಟುವುದು ಈ ಲೋಳೆಯಿಂದಲೇ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒರೆಸಿಡಿ, ಇಲ್ಲವೇ ಕತ್ತಿನವರೆಗೆ ತುಂಬಿಸಿಡಿ. ಬರಿದು ಮಾಡುವುದೇ ನನಗೆ ಮೇಲೆನಿಸುತ್ತದೆ. ಇಳಿಸಿದ ಡೀಸೆಲ್ಲನ್ನು ಮುಚ್ಚಿದ ಕ್ಯಾನಿನಲ್ಲಿಟ್ಟು ಬೇರೆ ಕೆಲಸಕ್ಕೆ ಬಳಸಬಹುದು.

ನಾಲ್ಕನೆಯದು ಎಲ್ಲರೂ ಮರೆಯುವ ಕೆಲಸ. ಗಾಳಿ ಒಳಹೋಗುವ ಬಾಯಿಯಿಂದ ಎರಡು ಚಮಚ ಶುದ್ಧ ಎಂಜಿನ್ ಎಣ್ಣೆ ಬಿಟ್ಟು, ಡೀಸೆಲ್ ಬಂದ್ ಇಟ್ಟು, ಡಿಕಂಪ್ರೆಶನ್ ಲಿವರ್ ಎತ್ತಿ ಫ್ಲೈವೀಲನ್ನು ಹತ್ತಾರು ಸುತ್ತು ಕೈಯಿಂದ ತಿರುಗಿಸಿ. ಬಳಿಕ ಲಿವರ್ ಇಳಿಸಿ, ಫ್ಲೈವೀಲ್ ಬಿಗಿಯಾಗಿ ಎದುರು ಒತ್ತುವ ಸ್ಥಾನಕ್ಕೆ ತಂದು ಬಿಡಿ. ಆಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ, ತೇವದ ಗಾಳಿ ಸಿಲಿಂಡರಿನೊಳಗೆ ಇಳಿಯುವುದಿಲ್ಲ. ವಾಲ್ವು ತೆರೆದಿರುವಂತೆ ಬಿಟ್ಟ ಎಂಜಿನ್ನಿನಲ್ಲಿ ಲೈನರಿನ ಮೇಲೆ ರಿಂಗಿನ ಗುರುತಿಗೇ ತುಕ್ಕಿನ ಗೆರೆ ಕೂರುತ್ತದೆ.

ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿ. ಮಳೆನೀರಿನ ಜೊತೆಗೆ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೂ ಆ ಬಾಯಿ ಬಹಳ ಪ್ರಿಯ. ಮುಚ್ಚಿದ ಡಬ್ಬಿಗೆ ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಹ್ಯಾಂಡಲಿಗೆ ಕಟ್ಟಿಟ್ಟರೆ ಮುಂದಿನ ಸಲ ತೆಗೆಯಲು ಮರೆಯುವಂತಿಲ್ಲ. ಬೆಲ್ಟನ್ನು ಕಳಚಿ ಮನೆಯೊಳಗೆ ತೂಗುಹಾಕಿ. ಎಂಜಿನ್ನಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತಬೇಡಿ, ಒಳಗೆ ಬೆವರುತ್ತದೆ. ಒಣ ಗೋಣಿ ಹೊದಿಸಿ, ಮೇಲಿನಿಂದ ಸೋರದಂತೆ ನೋಡಿಕೊಂಡರೆ ಸಾಕು. ಮಳೆಗಾಲದ ನಡುವೆ ಹದಿನೈದು ದಿನಕ್ಕೊಮ್ಮೆ ಲಿವರ್ ಎತ್ತಿ ನಾಲ್ಕು ಸುತ್ತು ತಿರುಗಿಸಿ ಮತ್ತೆ ಅದೇ ಸ್ಥಾನಕ್ಕೆ ನಿಲ್ಲಿಸುವುದು ಮಕ್ಕಳಾಟದಂತೆ ಕಂಡರೂ ವಾಲ್ವಿನ ಕಡ್ಡಿ ಅಂಟದಂತೆ ಕಾಯುವುದು ಇದೇ.

ದೀಪಾವಳಿಯ ನಂತರ ಚಾಲೂ ಮಾಡುವುದು

ನೀರು ಹಾಯಿಸುವ ದಿನ ಬೆಳಿಗ್ಗೆ ಮೊದಲ ಸಲ ಎಂಜಿನ್ನಿಗೆ ಕೈ ಹಾಕಬೇಡಿ. ಒಂದು ವಾರ ಮೊದಲೇ ಬಿಡುವಿನ ದಿನ ನೋಡಿ ಮಾಡಿರಿ.

ಡಬ್ಬಿ ತೆಗೆದು, ಲಿವರ್ ಎತ್ತಿ, ಡೀಸೆಲ್ ಬಿಡದೆ, ಹ್ಯಾಂಡಲ್ ಹಾಕದೆ, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು. ಸೈಲೆನ್ಸರಿನಿಂದ ಸಿಲಿಂಡರಿಗೆ ನೀರು ಇಳಿದಿರಬಹುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಬಲ ಹಾಕಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ಕಳಚಿ ತಿರುಗಿಸಿದರೆ ನೀರು ಹೊರಬೀಳುತ್ತದೆ. ನೀರಿಲ್ಲದೆಯೂ ಬಿಗಿಯಿದ್ದರೆ ರಿಂಗು ಅಂಟಿದೆ ಎಂದರ್ಥ. ಅರ್ಧ ಡೀಸೆಲ್ ಅರ್ಧ ಎಣ್ಣೆ ಬೆರೆಸಿ ಸಿಲಿಂಡರಿಗೆ ಸ್ವಲ್ಪ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ, ಮರುದಿನ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟ ಮಿಶ್ರಣವನ್ನು ಇಂಜೆಕ್ಟರ್ ತೆಗೆದು ತಿರುಗಿಸಿ ಹೊರಹಾಕಿದ ಮೇಲೆಯೇ ಮುಂದಿನ ಕೆಲಸ.

ಎಣ್ಣೆಯ ಕಡ್ಡಿ ತೆಗೆದು ನೋಡಿ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ನೀರು ಸೇರಿದೆ, ಬದಲಾಯಿಸಿಯೇ ಮುಂದುವರಿಯಬೇಕು. ಲಿಸ್ಟರ್ ಮಾದರಿಯಲ್ಲಿ ತಲೆಯ ಮೇಲಿನ ರಾಕರುಗಳಿಗೆ ಎಣ್ಣೆ ತಾನಾಗಿ ಏರುವುದಿಲ್ಲ. ಎಣ್ಣೆಡಬ್ಬಿಯಿಂದ ದಿನವೂ ಬಿಡಬೇಕು. ವಾಲ್ವಿನ ಸ್ಪ್ರಿಂಗನ್ನು ಒತ್ತಿ ಬಿಟ್ಟಾಗ ವಾಲ್ವು ಚಟ್ಟನೆ ಹಿಂದಕ್ಕೆ ಬರುವುದೇ ನೋಡಿ.

ಮುಂದೆ ಡೀಸೆಲ್. ಟ್ಯಾಂಕಿನ ತಳದ ಬಿರಡೆ ತೆಗೆದು ಮೊದಲು ಒಂದು ಲೋಟದಷ್ಟು ಗಾಜಿನ ಬಾಟಲಿಗೆ ಹಿಡಿದು ನೋಡಿರಿ, ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನಂತರ ಏರ್ ತೆಗೆಯುವುದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆಯಿಲ್ಲದೆ ಡೀಸೆಲ್ ಹರಿದ ಮೇಲೆ ಬಿಗಿಯಿರಿ, ಆಮೇಲೆ ಫ್ಯೂಯಲ್ ಪಂಪಿನಲ್ಲಿ, ಕೊನೆಗೆ ಇಂಜೆಕ್ಟರ್ ಪೈಪಿನ ನಟ್ಟಿನಲ್ಲಿ. ಈ ಕ್ರಮ ತಪ್ಪಿಸಬಾರದು, ಟ್ಯಾಂಕಿನಿಂದ ಇಂಜೆಕ್ಟರಿನ ಕಡೆಗೇ ಹೋಗಬೇಕು. ಎಲ್ಲ ಸರಿಯಾದ ಮೇಲೆ ಪಂಪಿನ ಲಿವರನ್ನು ಕೈಯಿಂದ ಒತ್ತಿದರೆ ಇಂಜೆಕ್ಟರಿನಲ್ಲಿ "ಕ್ರೀಕ್" ಎಂಬ ಸದ್ದು ಕೇಳುತ್ತದೆ. ಆ ಸದ್ದು ಬರದೆ ಹ್ಯಾಂಡಲ್ ಹಿಡಿದರೆ ಬರೀ ತೋಳುನೋವು.

ಹ್ಯಾಂಡಲ್ ಹಿಡಿಯುವುದರಲ್ಲಿ ಒಂದು ಎಚ್ಚರ ಬೇಕು. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಜಾರಿಹೋಗುತ್ತದೆ, ಹೆಬ್ಬೆರಳು ಮುರಿಯುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲಿನ ಬೈರಾಸು ತೆಗೆದಿಡಿ. ಶಾಫ್ಟಿನ ತುದಿಗೆ ಗ್ರೀಸ್ ಹಚ್ಚಿರಬೇಕು. ಎಂಜಿನ್ ಹಿಡಿದ ಕೂಡಲೇ ಹ್ಯಾಂಡಲ್ ತಾನಾಗಿ ಕಳಚಿ ಬರುವಂತಿರಬೇಕು. ಲಿವರ್ ಎತ್ತಿ ನಿಧಾನವಾಗಿ ಆರಂಭಿಸಿ, ವೇಗ ಏರಿಸಿ, ಪೂರ್ಣ ವೇಗ ಬಂದಾಗ ಲಿವರ್ ಬಿಡಿ. ಲಿವರ್ ಬಿಟ್ಟ ಮೇಲೂ ಕೈ ನಿಲ್ಲಿಸಬಾರದು. ಅರೆಮನಸ್ಸಿನಿಂದ ತಿರುಗಿಸಿದಾಗಲೇ ಎಂಜಿನ್ ಹಿಂದಕ್ಕೆ ಒದೆಯುವುದು. ಹ್ಯಾಂಡಲ್ ಅಂಟಿಕೊಂಡು ಎಂಜಿನ್ನಿನ ಜೊತೆಗೇ ತಿರುಗತೊಡಗಿದರೆ ಅದನ್ನು ಹಿಡಿಯಲು ಹೋಗಲೇಬಾರದು. ಬದಿಗೆ ಸರಿದು ಡೀಸೆಲ್ ಬಂದ್ ಮಾಡಿ ದೂರ ನಿಲ್ಲಿರಿ. ಅಪರೂಪಕ್ಕೆ ಎಂಜಿನ್ ತಿರುವುಮುರುವಾಗಿ ಹಿಡಿದು ಏರ್ ಫಿಲ್ಟರಿನಿಂದ ಹೊಗೆ ಬರುವುದುಂಟು. ತಕ್ಷಣ ನಿಲ್ಲಿಸಬೇಕು.

ಕೆಲವು ಲಿಸ್ಟರ್ ಮಾದರಿಗಳ ತಲೆಯ ಬದಿಯಲ್ಲಿ ಕೈಯಿಂದ ತಿರುಗಿಸುವ ಒಂದು ಚಕ್ರವಿರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಒತ್ತಡ ಹೆಚ್ಚಿ ಎಂಜಿನ್ ಸುಲಭವಾಗಿ ಚಾಲೂ ಆಗುತ್ತದೆ. ಬಿಸಿಯಾಗಿ ಪೂರ್ತಿ ಹೊರೆ ಬಿದ್ದ ಮೇಲೆ ಹೊರಕ್ಕೆ ತಿರುಗಿಸಬೇಕು. ಅನೇಕ ದೇಶೀ ನಮೂನೆಗಳಲ್ಲಿ ಇದು ಇರುವುದಿಲ್ಲ.

ಚಾಲೂ ಆಗದಿದ್ದರೆ

"ಚಳಿಗೆ ಹಿಡಿಯುತ್ತಿಲ್ಲ" ಎನ್ನುವ ಮಾತನ್ನು ನಮ್ಮ ಕರಾವಳಿಯಲ್ಲಿ ಒಪ್ಪುವಂತಿಲ್ಲ. ಇಂಗ್ಲೆಂಡಿನ ಚಳಿಯಲ್ಲಿ ಕೈಯಿಂದ ಚಾಲೂ ಆಗಬೇಕೆಂದೇ ರೂಪಿಸಿದ ಎಂಜಿನ್ ಇದು. ಶಂಕರನಾರಾಯಣದ ಡಿಸೆಂಬರ್ ಬೆಳಗು ಅದಕ್ಕೆ ಬೇಸಿಗೆ. ಹಿಡಿಯದಿದ್ದರೆ ಕಾರಣ ಎರಡೇ: ಡೀಸೆಲ್ ಸರಿಯಾಗಿ ಸಿಡಿಯುತ್ತಿಲ್ಲ, ಅಥವಾ ಗಾಳಿ ಸಾಕಷ್ಟು ಒತ್ತಿಕೊಳ್ಳುತ್ತಿಲ್ಲ.

ಒತ್ತಡವನ್ನು ಉಪಕರಣವಿಲ್ಲದೆ ಪರೀಕ್ಷಿಸಬಹುದು. ಡೀಸೆಲ್ ಬಂದ್ ಮಾಡಿ, ಲಿವರ್ ಇಳಿಸಿ, ಫ್ಲೈವೀಲನ್ನು ಕೈಯಿಂದ ಒತ್ತಡದ ಸ್ಥಾನಕ್ಕೆ ತಳ್ಳಿರಿ. ಒಳ್ಳೆಯ ಎಂಜಿನ್ನಿನಲ್ಲಿ ಅದು ಚೆಂಡಿನಂತೆ ಹಿಂದಕ್ಕೆ ಪುಟಿಯುತ್ತದೆ. ಪುಟಿಯದೆ ನಿಧಾನವಾಗಿ ಜಾರಿಹೋದರೆ ಎಲ್ಲಿ ಗಾಳಿ ಸೋರುತ್ತಿದೆ ಎಂದು ಕಿವಿಯಿಟ್ಟು ಕೇಳಿ. ಏರ್ ಫಿಲ್ಟರಿನಲ್ಲಿ "ಸುಸ್" ಎಂದರೆ ಒಳವಾಲ್ವು, ಸೈಲೆನ್ಸರಿನಲ್ಲಾದರೆ ಹೊರವಾಲ್ವು, ಕ್ರ್ಯಾಂಕ್ ಪೆಟ್ಟಿಗೆಯ ಉಸಿರುಕೊಳವೆಯಲ್ಲಾದರೆ ರಿಂಗು. ಮಳೆಗಾಲದ ನಂತರ ಹೆಚ್ಚಾಗಿ ಸಿಗುವುದು ಹೊರವಾಲ್ವಿನ ದೋಷ: ಕಡ್ಡಿ ಅಂಟಿ ಅರೆಬಾಯಿ ತೆರೆದೇ ನಿಂತಿರುತ್ತದೆ. ಸೀಮೆಎಣ್ಣೆ ಮತ್ತು ಎಣ್ಣೆ ಬಿಟ್ಟು ಆಡಿಸಿದರೆ ಎಷ್ಟೋ ಸಲ ಬಿಚ್ಚುವ ಪ್ರಮೇಯವೇ ಬಾರದು. ಮೆಕ್ಯಾನಿಕ್ ಬಂದಾಗಲೂ ಈ ಪರೀಕ್ಷೆಯ ಫಲ ಹೇಳಿದರೆ ಅನಾವಶ್ಯಕವಾಗಿ ಪೂರ್ತಿ ಎಂಜಿನ್ ಕಳಚುವುದು ತಪ್ಪುತ್ತದೆ.

ಒತ್ತಡ ಸರಿಯಿದ್ದೂ ಹಿಡಿಯದಿದ್ದರೆ ಇಂಜೆಕ್ಟರನ್ನು ಹೊರತೆಗೆದು ಅದರ ಪೈಪಿಗೇ ಹೊರಮುಖವಾಗಿ ಜೋಡಿಸಿ ಪಂಪಿನ ಲಿವರ್ ಒತ್ತಿ ನೋಡಿರಿ. ಮಂಜಿನಂತೆ ಹರಡಬೇಕು. ಧಾರೆಯಾಗಿ ಬಿದ್ದರೆ ಅಥವಾ ತುದಿಯಲ್ಲಿ ಹನಿಗಟ್ಟಿದರೆ ನೊಜಲ್ ಕೆಟ್ಟಿದೆ. ಸಿಡಿಯುವ ತುದಿಯ ಮುಂದೆ ಕೈಯನ್ನು ಎಂದಿಗೂ ಹಿಡಿಯಕೂಡದು. ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು. ಹಾಗಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಗಾಳಿಯ ಬಾಯಿಗೆ ಹಿಡಿಯುವ ರೂಢಿಯೊಂದಿದೆ. ಎಂಜಿನ್ ಹಿಡಿಯುವುದೂ ಉಂಟು, ಆದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು ರಿಂಗು ಮುರಿಯುತ್ತದೆ, ಹ್ಯಾಂಡಲ್ ಹಿಡಿದವನ ಕೈಗೂ ಬರುತ್ತದೆ. ರಿಂಗು ಸವೆದ ಎಂಜಿನ್ನಾದರೆ ಗಾಳಿಯ ಬಾಯಿಗೆ ಒಂದು ಚಮಚ ಎಣ್ಣೆ ಬಿಟ್ಟು ತಿರುಗಿಸಿ, ಒತ್ತಡ ಬಂದು ಹಿಡಿಯುತ್ತದೆ. ಒಂದೇ ಚಮಚ, ಹೆಚ್ಚಲ್ಲ.

ಓಡುತ್ತಿರುವಾಗ

ಹೊಗೆಯ ಬಣ್ಣವನ್ನು ನೋಡುತ್ತಿರಿ. ಕಪ್ಪು ಹೊಗೆ ಎಂದರೆ ಹೊರೆ ಹೆಚ್ಚು ಅಥವಾ ಏರ್ ಫಿಲ್ಟರ್ ಕಟ್ಟಿದೆ. ನೀಲಿಯಾದರೆ ಎಣ್ಣೆ ಸುಡುತ್ತಿದೆ. ಚಾಲೂ ಆದ ಮೇಲೂ ಬಹಳ ಹೊತ್ತು ಬಿಳಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ.

ತಂಪು ಮಾಡುವ ನೀರಿನ ವಿಷಯದಲ್ಲಿ ನಮ್ಮವರು ಮಾಡುವುದು ಎಂಜಿನ್ನಿಗೆ ಹಿತವಲ್ಲ. ಪಂಪಿನ ಪೈಪಿನಿಂದ ಒಂದು ನಳಿಗೆ ಎಳೆದು ಬಾವಿಯ ತಣ್ಣೀರನ್ನು ಎಡೆಬಿಡದೆ ಸಿಲಿಂಡರಿನ ಸುತ್ತ ಹರಿಸುತ್ತಾರೆ. ಎಂಜಿನ್ ಎಷ್ಟು ತಂಪಾದರೆ ಅಷ್ಟು ಒಳ್ಳೆಯದೆಂದು ಭಾವನೆ. ಅತಿ ತಂಪಾದ ಲೈನರಿನ ಗೋಡೆಯ ಮೇಲೆ ಉರಿದ ಅನಿಲದ ನೀರಾವಿ ಹನಿಗಟ್ಟಿ, ಡೀಸೆಲ್ಲಿನ ಗಂಧಕದೊಡನೆ ಆಮ್ಲವಾಗಿ, ಲೈನರನ್ನು ತಿನ್ನುತ್ತದೆ. ಏಪ್ರಿಲ್ 2020ರಿಂದ ದೇಶದಲ್ಲೆಲ್ಲ ಮಾರುವ ಬಿ.ಎಸ್.–6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗ ಮಾತ್ರ. ಆಮ್ಲದ ಭಯ ಅಷ್ಟರ ಮಟ್ಟಿಗೆ ಇಳಿದಿದೆ, ಆದರೆ ತೇವದಿಂದ ಎಣ್ಣೆ ಕೆಡುವುದು ತಪ್ಪಿಲ್ಲ. 200 ಲೀಟರಿನ ಒಂದು ಡ್ರಮ್ಮನ್ನು ಎಂಜಿನ್ನಿಗಿಂತ ತುಸು ಎತ್ತರದಲ್ಲಿಟ್ಟು, ತಳದಿಂದ ಒಂದು ಪೈಪು ಎಂಜಿನ್ನಿನ ಕೆಳಬದಿಗೆ, ಎಂಜಿನ್ನಿನ ಮೇಲ್ಬದಿಯಿಂದ ಒಂದು ಪೈಪು ಡ್ರಮ್ಮಿನ ಮೇಲ್ಭಾಗಕ್ಕೆ ಜೋಡಿಸಿದರೆ ಬಿಸಿನೀರು ತಾನಾಗಿ ಏರಿ ತಣ್ಣೀರು ಇಳಿದು ಸುತ್ತುತ್ತಿರುತ್ತದೆ. ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿಗಿಂತ ಮೇಲೆ ಇರಲೇಬೇಕು, ಇಲ್ಲವಾದರೆ ಸುತ್ತು ನಿಂತು ಎಂಜಿನ್ ಕುದಿಯುತ್ತದೆ. ಹೊರಬರುವ ನೀರು 60–70 ಡಿಗ್ರಿ ಇರುವುದು ಲೇಸು. ಅದೇ ನೀರು ಮತ್ತೆ ಮತ್ತೆ ಸುತ್ತುವುದರಿಂದ ತುಕ್ಕೂ ಕಡಿಮೆ.

ನಿಲ್ಲಿಸುವಾಗ ಹೊರೆ ತೆಗೆದು ಐದು ಮಿನಿಟು ಖಾಲಿ ಓಡಿಸಿ, ಡೀಸೆಲ್ ಬಂದ್ ಮಾಡಿಯೇ ನಿಲ್ಲಿಸಬೇಕು. ಡಿಕಂಪ್ರೆಶನ್ ಲಿವರ್ ಎತ್ತಿ ನಿಲ್ಲಿಸಿದರೆ ವಾಲ್ವಿನ ಮುಖ ಕೆಡುತ್ತದೆ. ಗವರ್ನರ್ ಕೆಟ್ಟು ಎಂಜಿನ್ ಹುಚ್ಚೆದ್ದು ಓಡತೊಡಗಿದಾಗ ಮಾತ್ರ ಡೀಸೆಲ್ ಬಂದ್ ಮಾಡುವುದರ ಜೊತೆಗೆ ಲಿವರನ್ನೂ ಎತ್ತಿ, ಗಾಳಿಯ ಬಾಯಿಗೆ ಹಲಗೆಯ ತುಂಡು ಒತ್ತಬೇಕು. ಅಂಗೈ ಒತ್ತಬೇಡಿ.

ಜನರೇಟರ್ ಕಟ್ಟುವವರಿಗೆ

ಬಾವಿ ಎಂಜಿನ್ನಿನ ಹತ್ತಿರವೇ ಇದ್ದರೆ ಜನರೇಟರ್ ಬೇಡ, ಪಂಪಿಗೇ ಬೆಲ್ಟ್ ಹಾಕಿರಿ. 6 ಅಶ್ವಶಕ್ತಿ ಆಲ್ಟರ್ನೇಟರಿನಲ್ಲಿ ಕರೆಂಟಾಗಿ, ತಂತಿಯಲ್ಲಿ ಹರಿದು, ಮೋಟಾರಿನಲ್ಲಿ ಮತ್ತೆ ತಿರುಗಾಟವಾಗಿ ಪಂಪಿಗೆ ಮುಟ್ಟುವಾಗ ಉಳಿಯುವುದು ಮೂರೂವರೆ ಚಿಲ್ಲರೆ. ಎಂಜಿನ್ ಪೂರ್ತಿ ಹೊರೆಯಲ್ಲಿ ಗಂಟೆಗೆ ಸುಮಾರು ಒಂದೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ ಎಂಬುದನ್ನು ನೆನೆದರೆ ಈ ನಷ್ಟ ಸಣ್ಣದಲ್ಲ. ಹೊಳೆಯ ಬದಿಯ ಪಂಪು, ಕೊಳವೆಬಾವಿಯ ಮುಳುಗುಪಂಪು ಮುಂತಾದ ಕಡೆ ಮಾತ್ರ ಜನರೇಟರ್ ಅನಿವಾರ್ಯ.

ಆಲ್ಟರ್ನೇಟರ್ ಮಿನಿಟಿಗೆ 1,500 ಸುತ್ತು ತಿರುಗಿದರೆ 50 ಹರ್ಟ್ಜ್ ಬರುತ್ತದೆ. 650 ಸುತ್ತಿನ ಎಂಜಿನ್ನಿನ 24 ಅಂಗುಲದ ಚಕ್ರದಿಂದ 10 ಅಂಗುಲದ ರಾಟೆಗೆ ಬೆಲ್ಟ್ ಹಾಕಿದರೆ ಲೆಕ್ಕಕ್ಕೆ 1,560 ಸುತ್ತು, 52 ಹರ್ಟ್ಜ್. ಬೆಲ್ಟಿನ ಜಾರಿಕೆಯೂ ಹೊರೆ ಬಿದ್ದಾಗಿನ ವೇಗದ ಇಳಿತವೂ ಸೇರಿ 50ರ ಹತ್ತಿರ ನಿಲ್ಲುತ್ತದೆ. ವೋಲ್ಟು ಮತ್ತು ಹರ್ಟ್ಜ್ ಎರಡನ್ನೂ ತೋರಿಸುವ ಮೀಟರ್ ಇಲ್ಲದೆ ಮೋಟಾರ್ ಜೋಡಿಸಬೇಡಿ.

3 ಅಶ್ವಶಕ್ತಿಯ ಮೋಟಾರ್ ಚಾಲೂ ಆಗುವ ಕ್ಷಣದಲ್ಲಿ ಎಂದಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆದ್ದರಿಂದ ಮೋಟಾರಿನ ಕಿಲೋವಾಟಿನ ಎರಡೂವರೆಯಿಂದ ಮೂರು ಪಟ್ಟು ಕೆ.ವಿ.ಎ. ಇರುವ ಆಲ್ಟರ್ನೇಟರ್ ಬೇಕು. 3 ಅಶ್ವಶಕ್ತಿಗೆ ಆರೇಳು ಕೆ.ವಿ.ಎ., ಅದಕ್ಕೆ ಹತ್ತು ಹನ್ನೆರಡು ಅಶ್ವಶಕ್ತಿಯ ಎಂಜಿನ್. 6 ಅಶ್ವಶಕ್ತಿಯ ಎಂಜಿನ್ನಿನಿಂದ ಹೇಗೋ ನಡೆಸುತ್ತೇವೆ ಎನ್ನುವವರು ಮೋಟಾರ್ ಸುಟ್ಟುಕೊಳ್ಳುತ್ತಾರೆ. ಸೆಂಟ್ರಿಫ್ಯೂಗಲ್ ಪಂಪಾದರೆ ಹೊರಪೈಪಿನ ವಾಲ್ವು ಮುಚ್ಚಿ ಚಾಲೂ ಮಾಡಿ, ವೇಗ ಹಿಡಿದ ಮೇಲೆ ತೆರೆದರೆ ಹೊರೆ ಹಗುರ. ಮನೆಯ ನಾಲ್ಕು ದೀಪಕ್ಕಾಗಿ ಈ ಎಂಜಿನ್ನನ್ನು ಗಂಟೆಗಟ್ಟಲೆ ಓಡಿಸುವುದೂ ಸಲ್ಲ. ಕಡಿಮೆ ಹೊರೆಯಲ್ಲಿ ನೊಜಲಿಗೂ ರಿಂಗಿಗೂ ಮಸಿ ಕಟ್ಟುತ್ತದೆ. ದೀಪಕ್ಕೆ ಇನ್ವರ್ಟರ್ ಇರಲಿ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಜನರೇಟರಿನ ತಂತಿಯನ್ನು ಮನೆಯ ಅಥವಾ ಪಂಪಿನ ಲೈನಿಗೆ ನೇರ ಜೋಡಿಸಿದರೆ ಆ 415 ವೋಲ್ಟ್ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ 11,000 ವೋಲ್ಟಾಗುತ್ತದೆ. ಮೇಲೆ ಕಂಬದಲ್ಲಿ, ಮಳೆಯಲ್ಲಿ ನಿಮ್ಮದೇ ಲೈನು ಸರಿಪಡಿಸಲು ಹತ್ತಿದ ಮೆಸ್ಕಾಂ ಲೈನ್‌ಮನ್ ಆ ತಂತಿ ಸತ್ತಿದೆ ಎಂದು ನಂಬಿರುತ್ತಾನೆ. ನ್ಯೂಟ್ರಲ್ ಸಹಿತ ನಾಲ್ಕೂ ತಂತಿಗಳನ್ನು ಬದಲಿಸುವ ಚೇಂಜ್ ಓವರ್ ಸ್ವಿಚ್ ಹಾಕಿಸಲೇಬೇಕು. ಜನರೇಟರ್ ಇರುವುದನ್ನು ಮೆಸ್ಕಾಂಗೆ ತಿಳಿಸಿಯೂ ಇರಬೇಕು. ಅರ್ತಿಂಗ್ ಗುಂಡಿಗೆ ಮಾರ್ಚ್ ನಂತರ ವಾರಕ್ಕೆರಡು ಕೊಡ ನೀರು ಹಾಕಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಹಿಡಿಯುವುದಿಲ್ಲ.

ಇನ್ನೊಂದು ಹೊಗೆ. ಪಂಪು ಆರೇಳು ಮೀಟರಿಗಿಂತ ಆಳದಿಂದ ನೀರು ಹೀರಲಾರದು. ಬೇಸಿಗೆಯಲ್ಲಿ ನೀರು ಇಳಿದಾಗ ಎಂಜಿನ್ನನ್ನೇ ಬಾವಿಯ ಮೆಟ್ಟಿಲಿಗೆ ಇಳಿಸುವ ಆಸೆ ಹುಟ್ಟುತ್ತದೆ. ಅದನ್ನು ಎಂದಿಗೂ ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಲ್ಲಿ ಅದು ತುಂಬಿದಾಗ ಇಳಿದವನೂ ಹೋಗುತ್ತಾನೆ, ಅವನನ್ನು ಎತ್ತಲು ಇಳಿದವನೂ ಹೋಗುತ್ತಾನೆ. ಮುಚ್ಚಿದ ಶೆಡ್ಡಿನಲ್ಲಿಯೂ ಇದೇ ಅಪಾಯ. ಸೈಲೆನ್ಸರಿನ ಪೈಪು ಗೋಡೆ ದಾಟಿ ಹೊರಗೆ, ಮನೆಯ ಕಿಟಕಿಗೆ ದೂರವಾಗಿ ಬಿಡಬೇಕು. ಬಾವಿಯಲ್ಲಿ ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ಇಳಿಯುವ ಮೊದಲು ಎಂಜಿನ್ ನಿಲ್ಲಿಸಿ, ಅಗ್ನಿಶಾಮಕ ದಳಕ್ಕೆ 112ಕ್ಕೆ ಕರೆ ಮಾಡಿ, ಮೇಲಿನಿಂದ ಗಾಳಿ ಹೊಡೆಯುವ ವ್ಯವಸ್ಥೆ ಮಾಡಬೇಕು. ಹಗ್ಗ ಕಟ್ಟಿಕೊಂಡರೆ ಸಾಕು ಎಂಬ ಧೈರ್ಯ ಬೇಡ.

ಆಲ್ಟರ್ನೇಟರ್ ಮಳೆಗಾಲದಲ್ಲಿ ತೇವ ಹೀರಿಕೊಂಡಿರುತ್ತದೆ. ಮೊದಲ ದಿನವೇ ಹೊರೆ ಹಾಕಿದರೆ ಸುರುಳಿ ಸುಡುತ್ತದೆ. ಗೋಣಿ ಹೊದಿಸಿದ ಆಲ್ಟರ್ನೇಟರಿನ ಪಕ್ಕ, ಗೋಣಿಗೆ ತಾಗದಂತೆ, ಹಳೆಯ ಕಾಲದ 100 ವಾಟಿನ ಬುರುಡೆ ದೀಪವನ್ನು ಒಂದು ರಾತ್ರಿ ಉರಿಸಿ ಒಣಗಿಸಿ. ಎಲೆಕ್ಟ್ರಿಷಿಯನ್ ಬಳಿ ಮೆಗ್ಗರ್ ಇದ್ದರೆ ಸುರುಳಿಯ ತಡೆ ಒಂದು ಮೆಗಾಓಮ್‌ಗಿಂತ ಮೇಲಿದೆಯೇ ನೋಡಿಸಿ, ಅರ್ಧ ಗಂಟೆ ಖಾಲಿ ತಿರುಗಿಸಿದ ಮೇಲೆ ಹೊರೆ ಹಾಕಿರಿ. ಎಂಜಿನ್ ಚೆನ್ನಾಗಿ ಓಡಿಯೂ ವೋಲ್ಟ್ ಬಾರದಿದ್ದರೆ ಗಾಬರಿಪಡಬೇಕಿಲ್ಲ. ಬಹುಕಾಲ ನಿಂತ ಆಲ್ಟರ್ನೇಟರಿನಲ್ಲಿ ಉಳಿದಿರಬೇಕಾದ ಅಲ್ಪ ಕಾಂತಶಕ್ತಿ ಹೋಗಿರುತ್ತದೆ. ತಿಳಿದ ಎಲೆಕ್ಟ್ರಿಷಿಯನ್ 12 ವೋಲ್ಟಿನ ಬ್ಯಾಟರಿಯಿಂದ ಕ್ಷಣಮಾತ್ರ ಕರೆಂಟು ಮುಟ್ಟಿಸಿ ಅದನ್ನು ಮರಳಿ ತರಿಸಬಲ್ಲ. ಬ್ರಶ್ ಇರುವ ಮಾದರಿಯಾದರೆ ಅದಕ್ಕೂ ಮೊದಲು ಸ್ಲಿಪ್ ರಿಂಗಿನ ಹಸಿರು ಕಿಲುಬನ್ನು ನಯವಾದ ಮರಳುಕಾಗದದಿಂದ ಉಜ್ಜಿ ನೋಡಿರಿ, ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ.